ಮೊದಲ ಆರು ಗಂಟೆ

ಸೆಪ್ಸಿಸ್ ಅಥವಾ ನಂಜಿಗೆ ತುರ್ತು ವಿಭಾಗದಲ್ಲೇ ಚಿಕಿತ್ಸೆ ಶುರುವಾಗಬೇಕೆಂಬ ಪದ್ಧತಿಗೆ ಬಲ ಬಂದದ್ದು ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಿಂದ. ಅಲ್ಲಿಯವರೆಗೆ ಇಂಥ ರೋಗಿಗಳನ್ನು ತೀವ್ರ ನಿಗಾ ಘಟಕದವರ ಪಾಲೆಂದೇ ಎಣಿಸಲಾಗುತ್ತಿತ್ತು. ಅಲ್ಲಿ ಹಾಸಿಗೆ ಸಿಗುವ ಹೊತ್ತಿಗೆ ಅಮೂಲ್ಯ ಗಂಟೆಗಳು ಕಳೆದುಹೋಗುತ್ತಿದ್ದವು.

ಸೆಪ್ಸಿಸ್ ಗುರುತಿಸುವುದಕ್ಕೆ 1991ರ ತಜ್ಞರ ಸಭೆಯೊಂದು ಸೂತ್ರ ಹಾಕಿಕೊಟ್ಟಿತ್ತು. ಮೈಬಿಸಿ 38 ಡಿಗ್ರಿ ಮೀರುವುದು ಅಥವಾ 36ಕ್ಕಿಂತ ಇಳಿಯುವುದು, ನಾಡಿ 90 ದಾಟುವುದು, ಉಸಿರಾಟ ನಿಮಿಷಕ್ಕೆ 20 ಮೀರುವುದು, ಬಿಳಿ ರಕ್ತಕಣಗಳ ಏರುಪೇರು: ಸೋಂಕಿನ ಜೊತೆ ಇವುಗಳಲ್ಲಿ ಎರಡಿದ್ದರೆ ಸೆಪ್ಸಿಸ್. ಬಲೆ ತೀರಾ ದೊಡ್ಡದು. ಮಾಮೂಲಿ ಜ್ವರದವರೂ ಅದರಲ್ಲಿ ಬೀಳುತ್ತಿದ್ದರು.

ಡೆಟ್ರಾಯಿಟ್‌ನಲ್ಲಿ ಇಮ್ಯಾನುಯೆಲ್ ರಿವರ್ಸ್ ಮತ್ತು ಸಂಗಡಿಗರು 1997ರಿಂದ 2000ರವರೆಗೆ 263 ರೋಗಿಗಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ದ್ರವ ಕೊಟ್ಟ ಮೇಲೂ ರಕ್ತದೊತ್ತಡ ಏಳದವರು, ಇಲ್ಲವೇ ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಲೀಟರಿಗೆ 4 ಮಿಲಿಮೋಲ್ ಮುಟ್ಟಿದವರು ಇವರು. ಅರ್ಧದಷ್ಟು ಮಂದಿಗೆ ಎಂದಿನ ಆರೈಕೆ. ಉಳಿದವರಿಗೆ ದೊಡ್ಡ ರಕ್ತನಾಳಕ್ಕೆ ಕ್ಯಾತೆಟರ್ ಇಳಿಸಿ, ಅರ್ಧ ಗಂಟೆಗೊಮ್ಮೆ 500 ಮಿಲಿಲೀಟರ್ ಲವಣದ್ರವ ಹರಿಸಿ, ಹೃದಯಕ್ಕೆ ಮರಳುವ ರಕ್ತದ ಆಮ್ಲಜನಕ ಶೇ 70 ತಲುಪುವಂತೆ ಮೊದಲ ಆರು ಗಂಟೆ ಬಿಡದೆ ನೋಡಿಕೊಂಡರು. ಆಸ್ಪತ್ರೆಯಲ್ಲಿನ ಸಾವು ಶೇ 46.5ರಿಂದ 30.5ಕ್ಕೆ ಇಳಿಯಿತು. 2001ರಲ್ಲಿ ವರದಿ ಹೊರಬಂತು. 2004ರ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಕ್ರಮವನ್ನೇ ಎತ್ತಿಕೊಂಡಿತು.

2014–15ರಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಇಂಗ್ಲೆಂಡ್‌ಗಳ ಮೂರು ದೊಡ್ಡ ಅಧ್ಯಯನಗಳಲ್ಲಿ ಈ ಕ್ರಮಕ್ಕೂ ಸಾಮಾನ್ಯ ಆರೈಕೆಗೂ ವ್ಯತ್ಯಾಸ ಕಾಣಲಿಲ್ಲ. ಆಸ್ಟ್ರೇಲಿಯಾ ನೇತೃತ್ವದ ಅಧ್ಯಯನದಲ್ಲಿ 90 ದಿನದೊಳಗಿನ ಸಾವು ಎರಡೂ ಕಡೆ ಶೇ 19ರ ಆಸುಪಾಸು. ಇದನ್ನು ರಿವರ್ಸ್ ಅವರ ಸೋಲೆನ್ನುವುದು ಅನ್ಯಾಯ. ಅಷ್ಟರಲ್ಲಿ ಸಾಮಾನ್ಯ ಆರೈಕೆಯೇ ಬದಲಾಗಿತ್ತು: ಬೇಗ ಪತ್ತೆ, ಬೇಗ ಆ್ಯಂಟಿಬಯಾಟಿಕ್, ಬೇಗ ದ್ರವ. ಬೇಡವೆನಿಸಿದ್ದು ಎಲ್ಲರಿಗೂ ಕ್ಯಾತೆಟರ್ ಇಳಿಸಿ ಆಮ್ಲಜನಕ ಅಳೆಯುವ ಕಟ್ಟುಪಾಡು.

ಎಲ್ಲ ಊರಿಗೂ ಒಂದೇ ಲೆಕ್ಕ ಸಲ್ಲುವುದಿಲ್ಲ ಎಂಬುದು ಜಾಂಬಿಯಾದ ಲುಸಾಕಾದಲ್ಲಿ ಗೊತ್ತಾಯಿತು. ಹೆಚ್ಚಿನವರು ಎಚ್‌ಐವಿ ಸೋಂಕಿತರಾಗಿದ್ದ ಅಲ್ಲಿನ ವಯಸ್ಕ ರೋಗಿಗಳಲ್ಲಿ, ಧಾರಾಳ ದ್ರವ ಪಡೆದವರ ಸಾವು ಶೇ 48.1, ಎಂದಿನ ಆರೈಕೆಯವರದು 33. ಈ ವರದಿ ಬಂದದ್ದು 2017ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ವ್ಯಾಖ್ಯೆಯೂ ಬದಲಾಗಿ, ಸೋಂಕಿಗೆ ದೇಹ ತೋರುವ ಅಂಕೆ ಮೀರಿದ ಪ್ರತಿಕ್ರಿಯೆಯಿಂದ ಅಂಗಾಂಗ ಸೋಲತೊಡಗಿದರೆ ಮಾತ್ರ ಸೆಪ್ಸಿಸ್ ಎಂದಾಗಿತ್ತು. 2021ರ ಮಾರ್ಗಸೂಚಿಯಂತೆ ರಕ್ತದೊತ್ತಡ ಕುಸಿದು ಆಘಾತದ (ಶಾಕ್) ಸ್ಥಿತಿಯಲ್ಲಿ ಬಂದವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕು. ಆಘಾತವಿಲ್ಲದೆ ಬರೀ ಅನುಮಾನವಿದ್ದರೆ, ಬೇರೆ ಕಾರಣಗಳನ್ನು ಬೇಗ ಪರೀಕ್ಷಿಸಿ ಮೂರು ಗಂಟೆಯೊಳಗೆ ತೀರ್ಮಾನಿಸಬೇಕು.