ಎಡೆದೊರೆಯಲ್ಲಿ ಒಂದು ಬೇಟೆ

ಯುದ್ಧಕಾಲದಲ್ಲಿ ತಲೆತಪ್ಪಿಸಿಕೊಂಡವನನ್ನು ಅರಸುವವರಿಗೆ ಸುದ್ದಿಯ ಬರವಿಲ್ಲ. ಬರವಿರುವುದು ನಂಬಬಹುದಾದ ಸುದ್ದಿಗೆ. ಕಂಡೆನೆನ್ನುವವನು ನಿಜವಾಗಿಯೂ ಕಂಡನೆ? ಹಾಗೆ ಹೇಳುವುದರಿಂದ ಅವನಿಗಾಗುವ ಪ್ರಯೋಜನವೇನು? ಈ ಎರಡು ಪ್ರಶ್ನೆಗಳನ್ನು ಮರೆತ ದಂಡು ಕೆಟ್ಟಿತೆಂದೇ ಅರ್ಥ. ಇದಕ್ಕೊಂದು ನಿದರ್ಶನ ನಮ್ಮ ರಾಯಚೂರು ಸೀಮೆಯಲ್ಲಿಯೇ ಇದೆ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು.

ಧೋಂಡಿಯ ವಾಘ್ ಚನ್ನಗಿರಿಯವನು, ಮರಾಠ ಮನೆತನದವನು. ಹೈದರನ ಸೈನ್ಯದಲ್ಲಿದ್ದವನನ್ನು ಟಿಪ್ಪು ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟಿದ್ದನು. 1799ರ ಮೇ 4ರಂದು ಕೋಟೆ ಬಿದ್ದಾಗ ಅವನಿಗೆ ಬಿಡುಗಡೆಯಾಯಿತು. ಚದುರಿದ ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯಲ್ಲಿ ತಲೆಯೆತ್ತಿದನು. ಆಂಗ್ಲರ ಪಡೆ ಬೆನ್ನಟ್ಟಿದಾಗ ಮರಾಠರ ನೆಲಕ್ಕೆ ಜಾರಿಕೊಂಡನು. ಮರುವರ್ಷ ದೊಡ್ಡ ದಂಡಿನೊಡನೆ ಮರಳಿದನು. ತನ್ನನ್ನು ಉಭಯಲೋಕಾಧೀಶ್ವರನೆಂದು ಕರೆದುಕೊಂಡನು. ಅವನನ್ನು ಹಿಡಿಯುವ ಹೊಣೆ ಬಿದ್ದದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಮೇಲೆ. 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಪ್ರಭು ಈತನೇ.

1800ರ ಸೆಪ್ಟೆಂಬರ್ ತಿಂಗಳಲ್ಲಿ ವೆಲ್ಲೆಸ್ಲಿ ಹನುಮಸಾಗರದ ಬಳಿ ನಿಜಾಮನ ಸೀಮೆಯನ್ನು ಹೊಕ್ಕನು. ಕರ್ನಲ್ ಸ್ಟೀವನ್‌ಸನ್ನನ ಪಡೆ ದೇವದುರ್ಗದ ಕಡೆಗೆ, ಕೃಷ್ಣೆಯ ದಡವನ್ನು ಹಿಡಿದು ಸಾಗಬೇಕು. ತಾನು ದಕ್ಷಿಣದಲ್ಲಿ ಕನಕಗಿರಿಯ ಮಾರ್ಗವಾಗಿ ಬರಬೇಕು. ಇವೆರಡರ ನಡುವೆ ಮರಾಠರ ಮತ್ತು ನಿಜಾಮನ ಅಶ್ವದಳಗಳಿರಬೇಕು. ಇದು ಅವನು ಬೀಸಿದ ಬಲೆ. ಆದರೆ ಧೋಂಡಿಯ ಎಲ್ಲಿದ್ದಾನೆಂಬುದೇ ತಿಳಿಯದಿದ್ದರೆ ಬಲೆಯನ್ನು ಎಳೆಯುವುದು ಯಾವಾಗ?

ಇಲ್ಲಿ ಚಿನ್ನೂರಿನ ಕಿಲ್ಲೇದಾರನ ಪ್ರವೇಶವಾಗುತ್ತದೆ. ಕದನದ ಮರುದಿನ ಥಾಮಸ್ ಮನ್ರೋಗೆ ಬರೆದ ಪತ್ರದಲ್ಲಿ ವೆಲ್ಲೆಸ್ಲಿ ಈ ಪ್ರಸಂಗವನ್ನು ತಿಳಿಸಿದ್ದಾನೆ. ಕಿಲ್ಲೇದಾರನೂ ಅಲ್ಲಿಯ ಪಠಾಣನೊಬ್ಬನೂ ಸೇರಿ, ಆಂಗ್ಲರ ದಂಡು ಚಿನ್ನೂರಿನಲ್ಲಿದೆಯೆಂದು ಧೋಂಡಿಯನನ್ನು ನಂಬಿಸಿದರು. ಅದೇ ಬಾಯಿಂದ ವೆಲ್ಲೆಸ್ಲಿಗೆ, ಧೋಂಡಿಯ ಇನ್ನೂ ದೂರದಲ್ಲಿದ್ದಾನೆಂದು ಹೇಳಿದರು. ನಿಜವಾಗಿ ಇದ್ದ ಅಂತರ ಅಷ್ಟಿರಲಿಲ್ಲ. ಎರಡು ಆನೆಗಳ ನಡುವೆ ಸಿಕ್ಕಿದ ಸಣ್ಣ ಕೋಟೆಯವನು ಇಬ್ಬರನ್ನೂ ತನ್ನಿಂದ ದೂರವಿರಿಸಲು ಬಯಸಿದನೆಂದು ನನ್ನ ಊಹೆ. ಅವನು ಧೋಂಡಿಯನಿಗೆ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕಾಲಾಳುಗಳಲ್ಲಿ ಒಂದು ಭಾಗ ಚಿನ್ನೂರಿನಲ್ಲಿಯೇ ಉಳಿದಿತ್ತು. ವೆಲ್ಲೆಸ್ಲಿ ಮಾತ್ರ ಅಶ್ವದಳದೊಡನೆ ಮುಂದೆ ನಡೆದಿದ್ದನು. ಪೂರ್ಣ ಅಸತ್ಯಕ್ಕಿಂತ ಅರ್ಧಸತ್ಯದ ಮೋಸ ಬಲವಾದದ್ದು.

ಇಬ್ಬರಿಗೂ ತಪ್ಪು ಸುದ್ದಿಯೇ ಸಿಕ್ಕಿತ್ತು. ವ್ಯತ್ಯಾಸವಿಷ್ಟೆ: ಧೋಂಡಿಯ ಕೇಳಿದ್ದನ್ನು ನಂಬಿ ಬೀಡುಬಿಟ್ಟನು, ವೆಲ್ಲೆಸ್ಲಿ ನಿಲ್ಲದೆ ನಡೆದನು. ಒಂಬತ್ತನೆಯ ತಾರೀಖು ಕೃಷ್ಣೆಯತ್ತ ಹೊರಟ ಧೋಂಡಿಯ, ಸ್ಟೀವನ್‌ಸನ್ನನ ಬೀಡನ್ನು ಕಂಡು ಹಿಂದಿರುಗಿದನು. ಅಂದು ಸಂಜೆ ಯಾಪಲಪರ್ವಿಯಲ್ಲಿ ಇಳಿದ ವೆಲ್ಲೆಸ್ಲಿಗೂ ಅವನಿಗೂ ಒಂಬತ್ತೇ ಮೈಲಿ. ಆ ರಾತ್ರಿಯನ್ನು ತೀವ್ರ ಆತಂಕದಲ್ಲಿ ಕಳೆದುದಾಗಿ ವೆಲ್ಲೆಸ್ಲಿ ಬರೆಯುತ್ತಾನೆ. ಸೆಪ್ಟೆಂಬರ್ 10ರ ಬೆಳಿಗ್ಗೆ ಕೋಣಗಲ್ಲಿನ ಬಂಡೆಯ ಬಳಿ ನಾಲ್ಕು ಅಶ್ವದಳಗಳು ಒಂದೇ ಸಾಲಾಗಿ ನುಗ್ಗಿದವು. ಧೋಂಡಿಯ ಮಡಿದನು. ಶವವನ್ನು ಗುರುತಿಸಿ, ತೋಪಿನ ಬಂಡಿಯ ಮೇಲೆ ಬೀಡಿಗೆ ತಂದರು. ಸಾಮಾನು ಸರಂಜಾಮುಗಳ ನಡುವೆ ಸಿಕ್ಕಿದ ಅವನ ಎಳೆಯ ಮಗ ಸಲಾಬತ್ ಖಾನನ ಪೋಷಣೆಯನ್ನು ವೆಲ್ಲೆಸ್ಲಿಯೇ ವಹಿಸಿಕೊಂಡನು.

ಗುರುತಿಸಲ್ಪಟ್ಟ ಆ ಶವದ ಮಹತ್ವ ತಿಳಿಯಬೇಕಾದರೆ 1945ನ್ನು ನೆನೆಯಬೇಕು. ಆ ವೇಳೆಗೆ ಹರಿಕಾರನ ಸ್ಥಾನಕ್ಕೆ ಪತ್ರಿಕೆ ಬಂದಿತ್ತು. ಸುಭಾಷಚಂದ್ರ ಬೋಸರು ಆಗಸ್ಟ್ 18ರಂದು ವಿಮಾನಾಪಘಾತದಲ್ಲಿ ತೀರಿಕೊಂಡರೆಂಬ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ಅವರು ಸೈಗಾನಿನಲ್ಲಿ ಜೀವಂತವಾಗಿ ಕಂಡರೆಂದು ಅಮೆರಿಕದ ಪತ್ರಕರ್ತ ಆಲ್ಫ್ರೆಡ್ ವ್ಯಾಗ್ ಸಾರಿದನು. ಬ್ರಿಟಿಷರ ಗುಪ್ತಚರ ವಿಭಾಗ ತನಿಖೆಗೆ ತೊಡಗಿತು. ಲೆಫ್ಟಿನೆಂಟ್ ಕರ್ನಲ್ ಫಿಗ್ಗೆಸ್ ಸಾಕ್ಷಿಗಳನ್ನು ವಿಚಾರಿಸಿ, ಬೋಸರು ತೀರಿಕೊಂಡದ್ದು ನಿಜವೆಂದು 1946ರ ಜುಲೈನಲ್ಲಿ ವರದಿಯಿತ್ತನು. ಆದರೂ ಸಂದೇಹ ಅಳಿಯಲಿಲ್ಲ. ಮುಂದೆ ಶಾ ನವಾಜ್ ಸಮಿತಿ, ಖೋಸ್ಲಾ ಆಯೋಗಗಳು ಅದೇ ತೀರ್ಮಾನಕ್ಕೆ ಬಂದರೆ, ಮುಖರ್ಜಿ ಆಯೋಗ 2005ರಲ್ಲಿ ಅದನ್ನು ಒಪ್ಪಲಿಲ್ಲ. ಆ ಆಯೋಗದ ಮಾತನ್ನು ಸರ್ಕಾರ ಒಪ್ಪಲಿಲ್ಲ. ಕಾಗದಗಳು ಬೆಳೆದವು, ಕೋಣಗಲ್ಲಿನಲ್ಲಿ ದೊರೆತಂತಹ ಕಣ್ಣೆದುರಿನ ಸಾಕ್ಷ್ಯ ಮಾತ್ರ ದೊರೆಯಲಿಲ್ಲ.

ಕೊನೆಗೊಂದು ಮಾತು. ವೆಲ್ಲೆಸ್ಲಿಯ ಪತ್ರಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಅವು ಬೇಟೆಗಾರನ ಪತ್ರಗಳು. ಶತ್ರುವಿನ ಕುದುರೆಗಳು ಐದು ಸಾವಿರವೆಂದು ಬರೆಯುವಾಗ ಅದು ತೋರಿಕೆಯ ಲೆಕ್ಕವೆಂದು ಸೂಚಿಸುವ ಪ್ರಾಮಾಣಿಕತೆ ಅವನಿಗಿತ್ತು, ನಿಜ. ಆದರೆ ಆ ಪತ್ರಗಳಲ್ಲಿ ಧೋಂಡಿಯ ಮಾತನಾಡುವುದಿಲ್ಲ, ಕಿಲ್ಲೇದಾರನೂ ತನ್ನ ಮನಸ್ಸನ್ನು ತೆರೆದಿಡುವುದಿಲ್ಲ. ಮಾನ್ವಿ, ದೇವದುರ್ಗಗಳ ಎರೆಹೊಲಗಳಲ್ಲಿ ಎರಡು ದಂಡುಗಳಿಗೂ ಮೇವು ಒದಗಿಸಬೇಕಾಗಿ ಬಂದ ರೈತನಂತೂ ಅಲ್ಲಿ ಕಾಣಿಸುವುದೇ ಇಲ್ಲ. ನಮಗೆ ಉಳಿದಿರುವುದು ಗೆದ್ದವನ ಹೇಳಿಕೆ. ಅದನ್ನು ಓದೋಣ, ಚಿನ್ನೂರಿನ ಮಾತನ್ನು ಕೇಳಿಯೂ ನಿಲ್ಲದೆ ನಡೆದ ದಂಡಿನಂತೆ, ನಾವೂ ಅಲ್ಲಿಗೇ ನಿಲ್ಲದಿರೋಣ.