ಹಣ್ಣೂ ಹಿಮವೂ

ವೈಶಾಖದ ಒಂದು ಮಧ್ಯಾಹ್ನ. ಊಟವಾಗಿದೆ, ಬಾನುಲಿಯಲ್ಲಿ ಪ್ರದೇಶ ಸಮಾಚಾರವೂ ಮುಗಿದಿದೆ. ರಜೆಗೆ ಬಂದ ಮಕ್ಕಳು ‘ಏನಾದರೂ ತಣ್ಣಗೆ ಮಾಡಿಕೊಡಮ್ಮ’ ಎಂದು ಸೆರಗು ಹಿಡಿದು ಪೀಡಿಸುತ್ತಿದ್ದಾರೆ. ನೀವು ಏಳುತ್ತೀರಿ. ಸ್ವಲ್ಪ ಹೊತ್ತಿನ ಮೇಲೆ ಎತ್ತರದ ಗಾಜಿನ ಲೋಟಗಳು ಹೊರಬರುತ್ತವೆ. ತಳದಲ್ಲಿ ಅನಾನಸಿನ ತಿಳಿ ಹಳದಿ, ಅದರ ಮೇಲೆ ಮಾವಿನ ಕೇಸರಿ, ಅದರ ಮೇಲೆ ಬೆಲ್ಲ ಬೆರೆತ ತೆಂಗಿನ ಹಾಲಿನ ತಿಳಿಗಂದು, ನೆತ್ತಿಯಲ್ಲಿ ನಾಲ್ಕು ಬಾಳೆಹಣ್ಣಿನ ಹೋಳು. ಹೋಟೆಲಿನವರು ಇಂಥದಕ್ಕೆ ‘ಫ್ರೂಟ್ ಕಾಕ್‌ಟೇಲ್’ ಎನ್ನುತ್ತಾರೆ. ಹೆಸರು ಕೇಳಿ ಮನೆಯ ಹಿರಿಯರು ಹುಬ್ಬೇರಿಸಬೇಕಾದುದಿಲ್ಲ. ಹಣ್ಣು, ಸಿಹಿ, ತಂಪು, ಇವಿಷ್ಟೇ ಇದರಲ್ಲಿರುವುದು. ಮಂಗಳೂರು, ಉಡುಪಿಗಳ ಕಡೆ ಹೋಗಿಬಂದವರು ‘ಗಡ್‌ಬಡ್’ ತಿಂದಿದ್ದರೆ, ಇದು ಅದರ ದಾಯಾದಿಯೆಂದು ತಿಳಿದರೆ ಸಾಕು.

ಮಾಡುವ ಕ್ರಮವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಪ್ರಶ್ನೆ. ಈ ಲೋಟದೊಳಗಿನ ಪದಾರ್ಥಗಳು ನಮ್ಮ ಮೈಸೂರಿನ ಅಡುಗೆಮನೆಗೆ ಎಂದು ಬಂದವು, ಎಲ್ಲಿಂದ ಬಂದವು? ಎಲ್ಲವೂ ಒಂದೇ ದಿನ ಬಂದವಲ್ಲ. ಎಲ್ಲಕ್ಕಿಂತ ಕಡೆಗೆ ಬಂದದ್ದು ಯಾವುದು ಬಲ್ಲಿರಾ? ತಂಪು.

ಹಣ್ಣಿನ ರಸವನ್ನು ಸಿಹಿಗೂಡಿಸಿ ಕುಡಿಯುವ ಅಭಿರುಚಿ ನಮ್ಮಲ್ಲಿ ಬಹು ಹಳೆಯದು. 1126ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದಂತೆಯೇ ಪಾನೀಯಭೋಗಕ್ಕೂ ಬೇರೆಯೇ ಸ್ಥಾನ ಕೊಟ್ಟಿದ್ದಾನೆ. ಇನ್ನೂ ನಮ್ಮ ಹತ್ತಿರಕ್ಕೆ ಬಂದರೆ, 16ನೆಯ ಶತಮಾನದ ಆರಂಭದಲ್ಲಿ ಹುಣಸೂರಿನ ಕಡೆಯ ಕಲ್ಲಹಳ್ಳಿಯಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಅಡುಗೆಯ ಗ್ರಂಥವನ್ನೇ ಕನ್ನಡ ಷಟ್ಪದಿಯಲ್ಲಿ ಬರೆದು, ಅದರಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ರಾಮನವಮಿಯ ಪಾನಕ, ಬಾಳೆಯ ರಸಾಯನ, ಮಾವಿನ ಸೀಕರಣೆ, ಇವೆಲ್ಲ ಆ ವಂಶದ ಕುಡಿಗಳೇ.

ಆದರೆ ಆ ಕಾಲದ ತಂಪು ಎಂದರೆ ಮಣ್ಣಿನ ಹೂಜಿಯ ತಂಪು. ಹೂಜಿಯ ಮೈಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನೂ ಕೊಂಡೊಯ್ಯುತ್ತದೆ. ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗಿಟ್ಟರೆ ಇನ್ನಷ್ಟು ಗುಣ. ಅದಕ್ಕಿಂತ ಹೆಚ್ಚು ತಂಪು ಬೇಕಾದರೆ ಚಕ್ರವರ್ತಿಯೇ ಆಗಿರಬೇಕಾಗಿತ್ತು. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪನ್ನು ನೀರಿನಲ್ಲಿ ಕರಗಿಸಿ, ಆ ನೀರಿನಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ತಿರುಗಿಸಿ ತಣಿಸುತ್ತಿದ್ದರೆಂದೂ, ಆಸ್ಥಾನವು ಲಾಹೋರಿನಲ್ಲಿದ್ದಾಗ ಉತ್ತರದ ಬೆಟ್ಟಗಳಿಂದ ಹಿಮವನ್ನು ತರಿಸುತ್ತಿದ್ದರೆಂದೂ ‘ಐನ್-ಇ-ಅಕ್ಬರಿ’ ಹೇಳುತ್ತದೆ. ಬಡವನಿಗೆ ಹಿಮವು ಪುರಾಣದ ಕೈಲಾಸದಲ್ಲಿ ಮಾತ್ರ ಇತ್ತು.

ಇತ್ತ ಮಂಗರಸನ ಕಾಲದಲ್ಲಿಯೇ ಪೋರ್ಚುಗೀಸರ ಹಡಗುಗಳು ನಮ್ಮ ಪಶ್ಚಿಮ ತೀರಕ್ಕೆ ಬರತೊಡಗಿದ್ದವು. ಆ ಹಡಗುಗಳು ಅಮೆರಿಕಾ ಖಂಡದ ಹಣ್ಣುಗಳನ್ನು ನಮ್ಮಲ್ಲಿಗೆ ತಂದವು. ಕೊಲಂಬಸನು 1493ರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಕಂಡ ಅನಾನಸು ಒಂದು ಶತಮಾನ ತುಂಬುವಷ್ಟರಲ್ಲಿ ನಮ್ಮ ನೆಲದಲ್ಲಿ ಬೇರೂರಿತ್ತು. ಈ ಹಣ್ಣುಗಳು ಬಂದ ದಾರಿಗೆ ನಮ್ಮ ಮಾತೇ ಸಾಕ್ಷಿ. ‘ಅನಾನಸು’ ಎಂಬ ಹೆಸರು ದಕ್ಷಿಣ ಅಮೆರಿಕಾದ ಮೂಲನಿವಾಸಿಗಳ ನುಡಿಯಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ನಮ್ಮ ಬಾಯಿಗೆ ಬಂದದ್ದು. ‘ಸಪೋಟ’ ಮೆಕ್ಸಿಕೋ ದೇಶದ ಹಳೆಯ ಮಾತು. ‘ಪರಂಗಿ ಹಣ್ಣು’ ಎಂಬಲ್ಲಿಯಂತೂ, ತಂದವನ ಹೆಸರನ್ನೇ ಹಣ್ಣಿಗೆ ಇಟ್ಟು ಬಿಟ್ಟಿದ್ದೇವೆ. ಮಾವು, ಹಲಸು, ಬಾಳೆ, ಈ ಮಾತುಗಳು ಅಚ್ಚ ಮನೆಯವು. ಆದರೂ ನಮ್ಮ ‘ಬಾದಾಮಿ’ ಮಾವಿಗೆ ಹೊರನಾಡಿನಲ್ಲಿ ‘ಆಲ್ಫಾನ್ಸೊ’ ಎಂಬ ಪೋರ್ಚುಗೀಸ್ ಹೆಸರಿದೆ. ಮಾವಿಗೆ ಕಸಿ ಕಟ್ಟುವ ಕೆಲಸವನ್ನು ಗೋವೆಯಲ್ಲಿ ಅವರು ಬಹಳವಾಗಿ ಬೆಳೆಸಿದರು.

ಹೀಗೆ ಹಣ್ಣುಗಳೆಲ್ಲ ಕೂಡಿದವು. ಹಿಮ ಮಾತ್ರ ಇನ್ನೂ ದೂರವಿತ್ತು. ಅದು ಬಂದ ಬಗೆಯೂ ಒಂದು ಸೋಜಿಗದ ಕಥೆಯೇ. ಅಮೆರಿಕಾದ ಬೋಸ್ಟನ್ ನಗರದ ಫ್ರೆಡ್ರಿಕ್ ಟ್ಯೂಡರ್ ಎಂಬ ವರ್ತಕನು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮಂಜುಗಡ್ಡೆಯನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಉಷ್ಣದೇಶಗಳಿಗೆ ಮಾರತೊಡಗಿದನು. ಜನ ನಕ್ಕರು. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಮಂಜುಗಡ್ಡೆಯನ್ನು ಹೊತ್ತು ಬೋಸ್ಟನ್ನಿನಿಂದ ಹೊರಟು, ನಾಲ್ಕು ತಿಂಗಳ ಪ್ರಯಾಣದಲ್ಲಿ ಎರಡು ಬಾರಿ ಭೂಮಧ್ಯರೇಖೆಯನ್ನು ದಾಟಿ ಕಲ್ಕತ್ತೆಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಗಡ್ಡೆ ಕರಗದೆ ಉಳಿದಿತ್ತು. ಬಳಿಕ ಮದರಾಸಿನ ಕಡಲ ದಂಡೆಯಲ್ಲಿಯೂ ಟ್ಯೂಡರನ ಹಿಮಕ್ಕೆಂದೇ ಒಂದು ಕಟ್ಟಡವೆದ್ದಿತು. ಅದನ್ನು ನೀವು ನೋಡಿರಬಹುದು. ಮರೀನಾದ ‘ಐಸ್ ಹೌಸ್’ ಎಂಬುದು ಅದೇ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆಯೂ ಅದೇ ಆದ್ದರಿಂದ, ಅದು ಈಗ ಅವರ ಹೆಸರಿನಲ್ಲಿದೆ. ಆದರೆ ಕಡಲ ತೀರಕ್ಕೆ ಇಳಿದ ಆ ಹಿಮ ನೂರಾರು ಮೈಲಿ ಒಳನಾಡಿನ ಮೈಸೂರಿನ ಸಾಮಾನ್ಯ ಮನೆಗಳಿಗೆ ಎಟುಕುವ ವಸ್ತುವಾಗಿರಲಿಲ್ಲ.

ನಮ್ಮ ಪಾಲಿಗೆ ಹಿಮವನ್ನು ತಂದುಕೊಟ್ಟವಳು ಕಾವೇರಿಯೇ ಎನ್ನಬೇಕು. ಯಂತ್ರದಿಂದ ಮಂಜುಗಡ್ಡೆ ಮಾಡುವ ವಿದ್ಯೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಲಿತು, ಟ್ಯೂಡರನ ವ್ಯಾಪಾರ ಮುಳುಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿಗೆ, ಅನಂತರ ಮೈಸೂರು ನಗರಕ್ಕೆ ಬಂದಿತು. ವಿದ್ಯುತ್ತಿನ ಹಿಂದೆ ಐಸಿನ ಕಾರ್ಖಾನೆ ಬಂದಿತು. ಬಹಳ ಕಾಲದ ಮೇಲೆ ಮನೆಮನೆಗೆ ಫ್ರಿಜ್ಜು. ಹಿಂದಿನ ತಲೆಮಾರಿನವರಿಗೆ ನೆನಪಿದ್ದೀತು: ಮದುವೆಯ ಮನೆಗೆ ಗೋಣಿಯಲ್ಲಿ ಸುತ್ತಿದ ಐಸಿನ ಗಡ್ಡೆ ಬರುವುದು, ಹುಡುಗರು ಚೂರಿಗಾಗಿ ಮುತ್ತುವುದು, ಮರದ ಬಾನಿಯೊಳಗಿನ ಡಬ್ಬಿಯನ್ನು ಸರದಿಯ ಮೇಲೆ ತಿರುಗಿಸುವುದು. ಡಬ್ಬಿಯ ಸುತ್ತ ಐಸಿನ ಜೊತೆಗೆ ಕಲ್ಲುಪ್ಪು ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಉಪ್ಪು ಬೆರೆತ ಐಸು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೆ ಇಳಿಯುತ್ತದೆ. ಹದವಾಗಿ ಬೆರೆತರೆ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಕ್ಕೂ ಹೋಗಬಲ್ಲದು. ಫ್ರಿಜ್ಜು ಇಲ್ಲದವರು ಇಂದಿಗೂ ಈ ಉಪಾಯವನ್ನು ಮಾಡಬಹುದು: ಮೂರು ಪಾಲು ಐಸಿನ ಚೂರಿಗೆ ಒಂದು ಪಾಲು ಕಲ್ಲುಪ್ಪು.

ಇರಲಿ, ಮಕ್ಕಳು ಕಾಯುತ್ತಿದ್ದಾರೆ. ನಾಲ್ಕು ಲೋಟಕ್ಕೆ ಲೆಕ್ಕ ಹೇಳುತ್ತೇನೆ.

ಮೊದಲು ಅನಾನಸು. ಎರಡು ಬಟ್ಟಲು ಹೋಳಿಗೆ ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ನೀರು ಸೇರಿಸಿ ಐದಾರು ನಿಮಿಷ ಕುದಿಸಿ, ಆರಿಸಿ, ರುಬ್ಬಿ ಸೋಸಿಕೊಳ್ಳಿ. ಕುದಿಸುವುದನ್ನು ಮರೆಯಬೇಡಿ. ಹಸಿ ಅನಾನಸಿನಲ್ಲಿರುವ ಒಂದು ಕಿಣ್ವವು ಹಾಲಿನ ಸತ್ವವನ್ನು ಒಡೆದು ಕಹಿ ಮಾಡುತ್ತದೆ. ಕುದಿಸಿದರೆ ಅದರ ಆಟ ನಿಲ್ಲುತ್ತದೆ. ಎರಡನೆಯದು ಮಾವು. ಎರಡು ದೊಡ್ಡ ಬಾದಾಮಿಯ ತಿರುಳಿಗೆ ಎರಡು ಚಮಚ ಸಕ್ಕರೆ, ಅರ್ಧ ಬಟ್ಟಲು ಹಾಲಿನ ಕೆನೆ. ರಸಪುರಿಯಾದರೆ ನಾರು ಸೋಸಿಕೊಂಡು ಸಕ್ಕರೆ ಕಡಿಮೆ ಮಾಡಿ. ಮೂರನೆಯದು, ಒಂದೂವರೆ ಬಟ್ಟಲು ಗಟ್ಟಿ ತೆಂಗಿನ ಹಾಲಿಗೆ ಮೂರು ಚಮಚ ಬೆಲ್ಲದ ಪುಡಿ, ಚಿಟಿಕೆ ಏಲಕ್ಕಿ. ಇದು ನಮ್ಮ ರಸಾಯನದ ಹಾಲೇ.

ಮೂರನ್ನೂ ಬೇರೆಬೇರೆ ಅಗಲ ತಟ್ಟೆಗಳಲ್ಲಿ ಫ್ರೀಜರಿನಲ್ಲಿಡಿ. ಮುಕ್ಕಾಲು ಗಂಟೆಗೊಮ್ಮೆ ತೆಗೆದು ಮುಳ್ಳುಚಮಚದಿಂದ ಕೆರೆಯುತ್ತಿದ್ದರೆ ಹರಳುಗಳು ಸಣ್ಣಗಾಗಿ ಮರಳಿನಂತೆ ಆಗುತ್ತದೆ. ಮೂರು ನಾಲ್ಕು ಗಂಟೆ ಬೇಕು. ಸಕ್ಕರೆ ತೀರ ಕಡಿಮೆಯಾದರೆ ಕಲ್ಲಾಗುತ್ತದೆ, ತೀರ ಹೆಚ್ಚಾದರೆ ಹೆಪ್ಪುಗಟ್ಟುವುದೇ ಇಲ್ಲ. ನಾಲಗೆಗೆ ‘ಒಂದು ಕೂದಲು ಹೆಚ್ಚಾಯಿತು’ ಎನ್ನಿಸುವಷ್ಟು ಸಿಹಿ ಸರಿ. ಲೋಟಗಳನ್ನೂ ಮೊದಲೇ ತಣಿಸಿಡಿ. ಒಂದು ಪದರವನ್ನು ತುಂಬಿ, ಮೆಲ್ಲನೆ ಒತ್ತಿ, ಕಾಲು ಗಂಟೆ ಫ್ರೀಜರಿನಲ್ಲಿಟ್ಟು, ಆಮೇಲೆ ಇನ್ನೊಂದನ್ನು ಹಾಕಿದರೆ ಬಣ್ಣಗಳು ಕಲೆಯುವುದಿಲ್ಲ. ಕಂಠಮಟ್ಟ ತುಂಬಬೇಡಿ, ನೆತ್ತಿಯ ಬಾಳೆಗೆ ಜಾಗ ಬೇಕು.

ಈ ನೆತ್ತಿಯ ಬಾಳೆಯ ಮಾತನ್ನು ಆಡಲೆಂದೇ ನಾನು ಇಷ್ಟು ದೂರ ನಿಮ್ಮನ್ನು ಕರೆತಂದದ್ದು. ಅದಕ್ಕೆ ಸಲ್ಲುವ ಹಣ್ಣು ನಂಜನಗೂಡಿನ ರಸಬಾಳೆ. ಕಪಿಲೆಯ ಆಸುಪಾಸಿನ ಆ ನೆಲಕ್ಕೆ ಹೆಸರು ತಂದ ಹಣ್ಣು. ತೆಳು ಸಿಪ್ಪೆ, ಬೆಣ್ಣೆಯಂಥ ತಿರುಳು, ಕೋಣೆಯಲ್ಲಿಟ್ಟರೆ ಮನೆಗೆಲ್ಲ ಪರಿಮಳ. ಮೈಸೂರು ಮಲ್ಲಿಗೆಗೂ ಮೈಸೂರು ವೀಳ್ಯದೆಲೆಗೂ ದೊರೆತಂತೆ ಇದಕ್ಕೂ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಮನ್ನಣೆ ದೊರೆಯುವ ಹೊತ್ತಿಗಾಗಲೇ ತೋಟಗಳು ಬರಿದಾಗುತ್ತ ಬಂದಿದ್ದವು.

ಕಾರಣ, ಪನಾಮಾ ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರವು ಮಣ್ಣಿನಿಂದ ಬೇರಿಗೆ ಹೊಕ್ಕು, ನೀರೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೊರಗಿನ ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ. ದಿಂಡನ್ನು ಅಡ್ಡ ಕೊಯ್ದರೆ ಕೆಂಗಂದು ಕಲೆ ಕಾಣುತ್ತದೆ. ಒಮ್ಮೆ ನೆಲ ಹೊಕ್ಕ ಶಿಲೀಂಧ್ರ ದಶಕಗಳ ಕಾಲ ಅಲ್ಲಿಯೇ ಬದುಕಿರಬಲ್ಲದು. ಸಿಂಪಡಿಸಿ ಕೊಲ್ಲುವ ಮದ್ದಿಲ್ಲ. ಬಾಳೆಗೆ ಬೀಜವಿಲ್ಲ, ಕಂದಿನಿಂದಲೇ ಸಂತಾನ. ಆದ್ದರಿಂದ ತಾಯಿಯ ರೋಗ ಕಂದಿನ ಜೊತೆಯಲ್ಲಿಯೇ ಹೊಸ ತೋಟಕ್ಕೆ ಪಯಣ ಬೆಳೆಸುತ್ತದೆ.

ಇದು ನಂಜನಗೂಡಿನ ಒಂದರ ಸಂಕಟವಲ್ಲ. ಒಂದು ಕಾಲಕ್ಕೆ ಅಮೆರಿಕಾ, ಯೂರೋಪುಗಳ ಪೇಟೆಗಳನ್ನೆಲ್ಲ ಆಳುತ್ತಿದ್ದ ‘ಗ್ರೋ ಮಿಶೆಲ್’ ಎಂಬ ಬಾಳೆ ಇದೇ ರೋಗದಿಂದ 1960ರ ಹೊತ್ತಿಗೆ ಆ ಪೇಟೆಗಳಿಂದ ಮರೆಯಾಯಿತು. ಅದರ ಸ್ಥಾನಕ್ಕೆ ಬಂದದ್ದು ಕ್ಯಾವೆಂಡಿಷ್ ಬಳಗದ ಬಾಳೆ. ನಮ್ಮ ಪಚ್ಚಬಾಳೆ ಆ ಬಳಗದ್ದೇ. ಈಗ ಅದನ್ನೂ ಬಿಡದ ಇನ್ನೊಂದು ಬಗೆಯ ಶಿಲೀಂಧ್ರ ಹುಟ್ಟಿಕೊಂಡಿದ್ದು, ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ.

ನೋಡಿ, ಕಾಲದ ವೈಚಿತ್ರ್ಯ ಎಂಥದು! ನಮ್ಮ ಮುತ್ತಜ್ಜಿಯ ಮನೆಯಲ್ಲಿ ಗೊನೆಗೊನೆಯಾಗಿ ರಸಬಾಳೆ ತೂಗುತ್ತಿತ್ತು, ಐಸಿನ ಚೂರು ಮಾತ್ರ ಕಾಣದ ವಸ್ತು. ನಮ್ಮ ಮನೆಯಲ್ಲಿ ಗುಂಡಿ ಒತ್ತಿದರೆ ಹಿಮ, ರಸಬಾಳೆಗಾಗಿ ದೇವರಾಜ ಮಾರುಕಟ್ಟೆಯ ಸಾಲುಗಳಲ್ಲಿ ಹುಡುಕಾಟ. ಹಿಮವನ್ನು ಯಂತ್ರ ಮಾಡಿಕೊಟ್ಟಿತು. ರಸಬಾಳೆಯನ್ನು ಮಾಡಿಕೊಡುವ ಯಂತ್ರವಿಲ್ಲ. 1950ರಲ್ಲಿ ಚೆಲುವಾಂಬಾ ಮ್ಯಾನ್ಷನ್ನಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ದೆಸೆಯಿಂದ, ಹಣ್ಣನ್ನು ಕೆಡದಂತೆ ಕಾಪಾಡುವ ವಿದ್ಯೆಗೆ ನಮ್ಮ ಊರೇ ಒಂದು ತೌರುಮನೆಯಾಗಿದೆ. ಆದರೆ ಹಣ್ಣನ್ನು ಕಾಪಾಡಬೇಕಾದರೆ ಮೊದಲು ಗಿಡ ಉಳಿಯಬೇಕಷ್ಟೆ.

ನಮ್ಮಂಥ ಮನೆವಂದಿಗರು ಏನು ಮಾಡಬಹುದು? ಎರಡು ಸಣ್ಣ ಕೆಲಸ. ಹಿತ್ತಿಲಿನಲ್ಲಿ ಬಾಳೆ ಇಡುವವರು ಸೊರಗು ಕಂಡ ತೋಟದಿಂದ ಕಂದನ್ನಾಗಲಿ ಮಣ್ಣನ್ನಾಗಲಿ ತರಬೇಡಿ. ಅಂಗಾಂಶ ಕೃಷಿಯಿಂದ ಬೆಳೆಸಿದ ನಿರೋಗಿ ಸಸಿಯನ್ನು, ಹಿಂದೆ ಸೊರಗು ಕಾಣದ ನೆಲದಲ್ಲಿ ಇಡಿ. ಪೇಟೆಗೆ ಹೋದಾಗ ರಸಬಾಳೆಯನ್ನು ಹೆಸರು ಹಿಡಿದು ಕೇಳಿ. ಬೆಲೆ ಹೆಚ್ಚೆನಿಸಿದರೆ ಡಜನ್ ಬೇಡ, ನಾಲ್ಕೇ ಕೊಳ್ಳಿ. ಕೇಳುವವರು ಇದ್ದಾರೆಂದು ಗೊತ್ತಾದರೆ ತಾನೆ ರೈತನು ಇಷ್ಟು ಕಷ್ಟದ ಬೆಳೆಯನ್ನು ಇನ್ನೊಂದು ವರ್ಷ ಇಟ್ಟುಕೊಂಡಾನು?

ತಂದ ಹಣ್ಣನ್ನು ಫ್ರೀಜರಿಗೆ ಮಾತ್ರ ಹಾಕಬೇಡಿ. ಅತಿ ತಂಪು ನಾಲಗೆಯನ್ನು ಜಡಮಾಡುತ್ತದೆ, ಪರಿಮಳವನ್ನು ಅಡಗಿಸುತ್ತದೆ. ರಸಬಾಳೆಯ ಹೆಚ್ಚುಗಾರಿಕೆ ಇರುವುದೇ ಪರಿಮಳದಲ್ಲಿ. ಲೋಟಗಳು ಕೈಗೆ ಹೋಗುವ ಗಳಿಗೆಯಲ್ಲಿ ಸುಲಿದು, ದುಂಡಗೆ ಹೆಚ್ಚಿ, ಎರಡು ಹನಿ ನಿಂಬೆರಸ ಸೋಕಿಸಿ, ಮೂರು ಹಿಮದ ಪದರಗಳ ಮೇಲೆ ಹಾಗೆಯೇ ಇಡಿ. ಮಕ್ಕಳು ಮೊದಲು ಅದನ್ನೇ ತಿನ್ನುತ್ತಾರೆ. ‘ಇದು ಯಾವ ಹಣ್ಣಮ್ಮ?’ ಎಂದು ಕೇಳಿಯಾರು. ಹೆಸರನ್ನೂ ಊರನ್ನೂ ತಪ್ಪದೆ ಹೇಳಿ.