ತಾಜ್ ಬಾವಡಿಯ ತಂಗುದಾಣ: ಆದಿಲ್‌ಶಾಹಿ ವಿಜಯಪುರದ ನೀರು ಮತ್ತು ಪರಸ್ಥಳದವರು

ಪ್ರವಾಸಿಗರು ಬಂದು ತಂಗುವ ಕಟ್ಟಡವು ತನಗೆ ಬೇಕಾದ ನೀರನ್ನೂ ಆ ನೀರನ್ನು ಸಾಗಿಸುವ ಶಕ್ತಿಯನ್ನೂ ತಾನಿರುವ ನೆಲದಿಂದಲೇ ಪಡೆಯಬೇಕೆಂಬ ವಿಚಾರವು ಸೌರಫಲಕ ಮತ್ತು ಮಳೆನೀರು ಸಂಗ್ರಹದ ಮಾತಿನೊಂದಿಗೆ ಇಂದು ಹೊಸದೆಂಬಂತೆ ಚರ್ಚೆಗೆ ಬರುತ್ತಿದ್ದರೂ, ಮಳೆ ಕಡಿಮೆ ಬೀಳುವ ವಿಜಯಪುರದಲ್ಲಿ ಅದು 17ನೆಯ ಶತಮಾನದ ಆರಂಭದಲ್ಲಿಯೇ ಕಲ್ಲುಗಾರೆಯ ರೂಪ ತಳೆದಿತ್ತು. ನಗರದ ಪಶ್ಚಿಮ ಭಾಗದಲ್ಲಿ, ಮಕ್ಕಾ ದರವಾಜೆಯ ಸಮೀಪದಲ್ಲಿರುವ ತಾಜ್ ಬಾವಡಿಯೇ ಅದಕ್ಕೆ ಸಾಕ್ಷಿ. ಬಾವಡಿ ಎಂದರೆ ಮೆಟ್ಟಿಲಿಳಿದು ನೀರು ಮುಟ್ಟುವಂತೆ ಕಟ್ಟಿದ ದೊಡ್ಡ ಬಾವಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಳ ಗೌರವಾರ್ಥವಾಗಿ ವಾಸ್ತುಶಿಲ್ಪಿ ಮಲಿಕ್ ಸಂದಲ್ ಇದನ್ನು 1620ರಲ್ಲಿ ಕಟ್ಟಿಸಿದನೆಂಬುದು ಪ್ರಚಲಿತ ನಿರೂಪಣೆಯಾಗಿದೆ.

ಈ ಬಾವಡಿಯ ಹೊಂಡವು ಪ್ರತಿ ಬದಿಗೆ ಸುಮಾರು 223 ಅಡಿ ಅಳತೆಯ ಚೌಕವಾಗಿದ್ದು, ಉತ್ತರ ದಿಕ್ಕಿನ ಎತ್ತರವಾದ ಕಮಾನಿನ ಅಡಿಯಿಂದ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ಕಮಾನಿನ ಎರಡೂ ಪಕ್ಕಗಳಲ್ಲಿ ಅಷ್ಟಕೋನದ ಬುರುಜುಗಳಿದ್ದು, ಅವುಗಳಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಚಾಚಿಕೊಂಡ ಕಟ್ಟಡದ ಸಾಲುಗಳು ಪರಸ್ಥಳದಿಂದ ಬಂದವರ ವಸತಿಗೆಂದು ಮೀಸಲಾಗಿದ್ದವು. ಇಲ್ಲಿ ಗಮನಿಸಬೇಕಾದುದು ಕಟ್ಟಡದ ಗಾತ್ರಕ್ಕಿಂತ ಅದರ ಯೋಜನೆಯನ್ನು; ಏಕೆಂದರೆ ಮೊದಲು ವಸತಿಯನ್ನು ಕಟ್ಟಿ ಆಮೇಲೆ ಅದಕ್ಕೆ ನೀರು ತರುವ ಕ್ರಮವನ್ನು ಬಿಟ್ಟು, ನೀರಿದ್ದ ಜಾಗವನ್ನೇ ವಸತಿಯನ್ನಾಗಿ ರೂಪಿಸಿದ ಬುದ್ಧಿ ಇದರಲ್ಲಿದೆ. ದಖ್ಖನಿನ ಕಪ್ಪುಕಲ್ಲಿನ ಪದರಗಳ ಬಿರುಕುಗಳಲ್ಲಿ ಜಿನುಗುವ ಒರತೆಯೂ ಸುತ್ತಲಿನ ನೆಲದಿಂದ ಹರಿದುಬರುವ ಮಳೆನೀರೂ ಹೊಂಡವನ್ನು ತುಂಬುತ್ತಿದ್ದುದರಿಂದ, ದಾರಿ ಸವೆಸಿ ಬಂದವನು ತನ್ನ ಸ್ನಾನ, ಪಾನಗಳಿಗಾಗಿ ಊರಿನ ಬೀದಿಗಳಲ್ಲಿ ಅಲೆಯಬೇಕಾದ ಪ್ರಸಂಗವಿರಲಿಲ್ಲ.

ತಾಜ್ ಬಾವಡಿಯನ್ನು ಬಿಡಿಯಾಗಿ ನೋಡಿದರೆ ಅದರ ಅರ್ಥ ಪೂರ್ಣವಾಗುವುದಿಲ್ಲ. 1565ರ ಯುದ್ಧದಲ್ಲಿ ವಿಜಯನಗರವು ಸೋತ ಮೇಲೆ ವಿಜಯಪುರದ ಜನಸಂಖ್ಯೆ ಏರತೊಡಗಿತು, ನೀರಿನ ಅಗತ್ಯವೂ ಅದರ ಜೊತೆಗೇ ಬೆಳೆಯಿತು. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ ಚಾಂದ್ ಬಾವಡಿ ನಿರ್ಮಾಣವಾಯಿತಲ್ಲದೆ, ನಗರದ ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ನೀರು ತರುವ ಕಾರ್ಯವೂ ಮೊದಲಾಯಿತು. ತೊರವಿಯಲ್ಲಿ ಜನರು ಸುರಂಗ ಬಾವಡಿ ಎಂದು ಕರೆಯುವ ಸ್ಥಳವು ಈ ವ್ಯವಸ್ಥೆಗೆ ಸೇರಿದ್ದು, ನೆಲದೊಳಗೆ ಕೊರೆದ ಸುರಂಗಕ್ಕೆ ಅಲ್ಲಲ್ಲಿ ಬಾವಿಯಂತಹ ಗಾಳಿಕಂಡಿಗಳನ್ನು ಇರಿಸಿ, ನೀರು ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಹರಿಯುವಂತೆ ಮಾಡಲಾಗಿತ್ತು. ಬಿಸಿಲಿನ ಪ್ರಖರತೆ ಹೆಚ್ಚಾಗಿರುವ ಸೀಮೆಯಲ್ಲಿ ನೆಲದಡಿಯ ನೀರು ಆವಿಯಾಗಿ ನಷ್ಟವಾಗುವುದಿಲ್ಲವೆಂಬುದು ಇದರ ಇನ್ನೊಂದು ಲಾಭ.

ಈ ಪರಂಪರೆಯ ಅತ್ಯಂತ ಪ್ರೌಢವಾದ ಹಂತ ಬೇಗಂ ತಲಾಬಿನದು. ಮುಹಮ್ಮದ್ ಆದಿಲ್‌ಶಾಹನು 1651ರಲ್ಲಿ ನಗರದ ದಕ್ಷಿಣಕ್ಕೆ ಕಟ್ಟಿಸಿದ ಈ ಕೆರೆಯಿಂದ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಾರೆಯ ಕವಚವನ್ನು ಕಟ್ಟಿ, ನೆಲದಡಿಯಲ್ಲಿ 15ರಿಂದ 50 ಅಡಿಯವರೆಗಿನ ಆಳದಲ್ಲಿ ನೀರನ್ನು ನಗರಕ್ಕೆ ಒಯ್ಯಲಾಯಿತು. ಸುಟ್ಟ ಮಣ್ಣಿನ ಕೊಳವೆಯು ಹೆಚ್ಚಿನ ಒತ್ತಡವನ್ನು ತಾಳಲಾರದು. ಇಳಿಜಾರಿನಲ್ಲಿ ಬರುವ ನೀರಾದರೋ ಕೆಳಕ್ಕೆ ಇಳಿದಷ್ಟೂ ಒತ್ತಡವನ್ನು ಕೂಡಿಸಿಕೊಳ್ಳುತ್ತದೆ. ಈ ತೊಡಕಿಗೆ ಅಂದಿನ ಕುಶಲಕರ್ಮಿಗಳು ಕಂಡುಕೊಂಡ ಪರಿಹಾರವೇ ಗಂಜ್, ಅಂದರೆ ಕೊಳವೆಯ ಮಾರ್ಗದಲ್ಲಿ ಅಲ್ಲಲ್ಲಿ ನಿಲ್ಲಿಸಿದ, 25ರಿಂದ 40 ಅಡಿ ಎತ್ತರದ ನೀರಿನ ಗೋಪುರ. ಕೊಳವೆಯಲ್ಲಿ ಬಂದ ನೀರು ಗೋಪುರದೊಳಗೆ ತನ್ನ ಮೂಲದ ಮಟ್ಟಕ್ಕೆ ಸಮೀಪವಾಗಿ ಏರಿ ನಿಂತು, ಅಲ್ಲಿ ಹೆಚ್ಚುವರಿ ಒತ್ತಡವನ್ನು ಕಳೆದುಕೊಂಡು, ತಾನು ಹೊತ್ತು ತಂದ ಮಣ್ಣುಕಸವನ್ನು ತಳಕ್ಕೆ ಇಳಿಸಿ, ತಿಳಿಯಾಗಿ ಮುಂದೆ ಸಾಗುತ್ತಿತ್ತು. ಒತ್ತಡ ನಿಯಂತ್ರಣ, ಶುದ್ಧೀಕರಣ ಎಂಬ ಎರಡು ಕೆಲಸಗಳನ್ನು ಒಂದೇ ಕಟ್ಟಡದಿಂದ, ಅದೂ ಚಲಿಸುವ ಒಂದು ಭಾಗವೂ ಇಲ್ಲದೆ ನೆರವೇರಿಸಿದ ಈ ಗೋಪುರಗಳಿಗೆ ಕರ್ನಾಟಕದ ಶಿಲ್ಪಚರಿತ್ರೆಯಲ್ಲಿ ಗೋಲಗುಮ್ಮಟದ ಪಕ್ಕದಲ್ಲಿಯೇ ಸ್ಥಾನ ಸಲ್ಲಬೇಕು.

ವಿಹಾರದ ಕಟ್ಟಡಗಳಲ್ಲಿಯೂ ಇದೇ ಜ್ಞಾನ ಬಳಕೆಯಾಯಿತು. ನಗರದ ಪೂರ್ವಕ್ಕಿರುವ ಕುಮಟಗಿಯ ಬೇಸಿಗೆ ಅರಮನೆಯಲ್ಲಿ ಕೊಳದ ನಡುವೆ ಮಂಟಪವೊಂದು ನಿಂತಿದ್ದು, ಹತ್ತಿರದ ಕೆರೆಯ ನೀರು ಗೋಪುರಗಳನ್ನೂ ಕೊಳವೆಗಳನ್ನೂ ಹಾದು ಬಂದು ಮಂಟಪದ ಚಿಲುಮೆಗಳಲ್ಲಿ ಚಿಮ್ಮುತ್ತಿತ್ತು. ಸಿಡಿದ ಹನಿಗಳು ಆವಿಯಾಗುವಾಗ ಗಾಳಿಯ ಕಾವನ್ನು ಹೀರಿಕೊಳ್ಳುವುದರಿಂದ, ಲಾವಂಚದ ತಟ್ಟಿಗೆ ನೀರೆರಚಿದಾಗ ಮನೆ ತಂಪಾಗುವಂತೆ ಮಂಟಪವೂ ತಂಪಾಗುತ್ತಿತ್ತು. ಹರಿಯುವ ನೀರೇ ಇಲ್ಲಿ ಶಕ್ತಿಯ ಮೂಲವೂ ಆಗಿತ್ತೆಂದು ಹೇಳಲು ಅಡ್ಡಿಯಿಲ್ಲ. ಆದರೆ ಕುಮಟಗಿಯ ತಂಪು ದರ್ಬಾರಿನವರ ಸುಖಕ್ಕೆ ಸೀಮಿತವಾಗಿತ್ತು. ತಾಜ್ ಬಾವಡಿಯ ಸಾಲುಗಳು ದಾರಿಹೋಕರಿಗೆ ಆಶ್ರಯ ಕೊಟ್ಟವು, ಆದಕಾರಣ ಚರಿತ್ರೆಯಲ್ಲಿ ಅವುಗಳ ತೂಕವೇ ಹೆಚ್ಚು.

1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದುಕೊಂಡ ತರುವಾಯ ಜನವಸತಿ ಕುಗ್ಗುತ್ತ ಬಂದು, ಒಡೆದ ಕೊಳವೆಗಳನ್ನು ದುರಸ್ತಿ ಮಾಡುವ, ಗಂಜ್‌ಗಳ ತಳದ ಕೆಸರನ್ನು ತೆಗೆಯುವ ಏರ್ಪಾಡು ಕಳಚಿಬಿತ್ತು. ಯಂತ್ರವಿಲ್ಲದ ವ್ಯವಸ್ಥೆಗೂ ಮನುಷ್ಯರ ನಿರಂತರ ಆರೈಕೆ ಬೇಕಾಗಿತ್ತೆಂಬುದನ್ನು ಈ ಅವನತಿಯು ಸ್ಪಷ್ಟಪಡಿಸುತ್ತದೆ. ಬಾವಡಿಗಳು ಕಾಲಾಂತರದಲ್ಲಿ ಹೂಳಿನಿಂದಲೂ ಕಸದಿಂದಲೂ ತುಂಬಿದವು. 2010ರ ದಶಕದಲ್ಲಿ ತಾಜ್ ಬಾವಡಿಯೂ ಸೇರಿದಂತೆ ಹಲವು ಬಾವಡಿಗಳ ಹೂಳನ್ನು ಎತ್ತಿಸಲಾಯಿತಾದರೂ, ನಗರಕ್ಕೆ ನೀರು ತರುತ್ತಿದ್ದ ನೆಲದಡಿಯ ಜಾಲಕ್ಕೆ ಅಷ್ಟೇ ಗಮನ ದೊರೆತಿಲ್ಲ. ಉಳಿದಿರುವ ಗಂಜ್‌ಗಳಲ್ಲಿ ಕೆಲವು ಬಡಾವಣೆಗಳ ಮನೆಗಳ ನಡುವೆ ಇಂದಿಗೂ ನಿಂತಿವೆ. ವಿಜಯಪುರದಲ್ಲಿ ಪ್ರವಾಸಿಗರಿಗಾಗಿ ಹೊಸ ಕಟ್ಟಡವನ್ನು ಯೋಜಿಸುವವರು ಬೋರ್‌ವೆಲ್ ಕೊರೆಯುವ ಮುನ್ನ ಈ ಗೋಪುರಗಳನ್ನೂ ಅವುಗಳ ನಡುವಿನ ಇಳಿಜಾರನ್ನೂ ನಕ್ಷೆಯಲ್ಲಿ ಗುರುತಿಸಿ, ಅವುಗಳ ರಕ್ಷಣೆಯನ್ನು ಯೋಜನೆಯ ಮೊದಲ ಕೆಲಸವನ್ನಾಗಿ ಕೈಗೆತ್ತಿಕೊಳ್ಳಬೇಕು.